ಹಳ್ಳದ ಕಡೆಗೆ ಹೊರಟಿದ್ದ ಶಾಲೆ

ಇದು ಮೊದಲಾದದ್ದು ಹಸಿ ಜೋಳದ ತೆನೆಯ ಸೀತನಿ ಸುಡುವ ಕಾಲದಲ್ಲಿ, ಎಳೆಬಿಸಿಲು ಊರಬಾಗಿಲ ಅಗಸಿಯ ಕಲ್ಲಿಗೆ ಮುಟ್ಟುವ ಹೊತ್ತಿಗೆ. ನಾನಾಗ ಎರಡನೇ ಇಯತ್ತೆ. ಬರೆಯುವ ಪಾಟಿಯನ್ನು ಬಗಲಲ್ಲಿ ಇಟ್ಟುಕೊಂಡು, ಉಡಿಯಲ್ಲಿ ಬಿಸಿ ಸೀತನಿ ಕಟ್ಟಿಕೊಂಡು ಶಾಲೆಗೆ ಬಂದರೆ ಮೆಟ್ಟಿಲು ಇದ್ದವು, ಶಾಲೆ ಇರಲಿಲ್ಲ. ಮೂರು ಕಲ್ಲಿನ ಮೆಟ್ಟಿಲು ಬರಿಯ ಗಾಳಿಗೆ ಹತ್ತಿ ನಿಂತಿದ್ದವು. ಬಾವುಟದ ಕಂಬವೂ ಇದ್ದಲ್ಲೇ ಇತ್ತು. ಶಾಲೆ ಮಾತ್ರ ತನ್ನ ಎರಡು ಖೋಲಿ, ಹಂಚು, ಹಂಚಿನೊಳಗಿನ ಗುಬ್ಬಿ ಎಲ್ಲವನ್ನೂ ಕರೆದುಕೊಂಡು ನಾಲ್ಕು ಮಾರು ಆಚೆ ಹೋಗಿ ನಿಂತಿತ್ತು. ಅಂದಿನ ಮಾಸ್ತರರು ಒಮ್ಮೆ ಮೆಟ್ಟಿಲ ಕಡೆ, ಒಮ್ಮೆ ಶಾಲೆಯ ಕಡೆ ನೋಡಿದರು. "ನಿಂತು ಏನ ನೋಡ್ತೀರಿ? ಸಾಲಿ ಎಲ್ಲಿ ಐತೋ ಅಲ್ಲೇ ಪ್ರಾರ್ಥನಾ. ನಡೀರಿ" ಅಂದರು. ನಾವು ನಡೆದೆವು.

ಅಲ್ಲಿಂದ ಮುಂದೆ ಶಾಲೆ ಸರಿಯುತ್ತಲೇ ಹೋಯಿತು. ಒಂದು ವಾರ ಗೇಣು, ಒಂದು ವಾರ ಮೊಳ, ಒಮ್ಮೊಮ್ಮೆ ಏನೂ ಇಲ್ಲ. ಸರಿಯುವುದನ್ನು ಕಣ್ಣಾರೆ ಕಂಡವರು ನಮ್ಮೂರಲ್ಲಿ ಒಬ್ಬರೂ ಇಲ್ಲ. ಊರು ಹೊಂದಿಕೊಂಡಿತು. ಚಹಾದ ಅಂಗಡಿಯವನು ಅಂಗಡಿಗೆ ಗಾಲಿ ಹಾಕಿಸಿದ. ಹೆಣ್ಣು ಕೊಡಲು ಬಂದವರು ಬಾವಿಯ ನೀರು ಹೇಗೆ ಎಂದು ಕೇಳಿದ ಮೇಲೆ "ಸಾಲಿ ಈ ವರ್ಷ ಎಲ್ಲಿ ಐತ್ರಿ?" ಎಂದೂ ಕೇಳುವುದು ರೂಢಿಯಾಯಿತು. ಬಾವುಟ ಏರಿಸುವ ದಿನ ಮಕ್ಕಳು ಶಾಲೆಯಿಂದ ಊರಿಗೆ ಬಂದು, ಕಂಬಕ್ಕೆ ವಂದಿಸಿ, ಪೇಢೆ ತಿಂದು ತಿರುಗಿ ಹೋಗುತ್ತಿದ್ದರು. ಅಗಸಿಯಿಂದ ಶಾಲೆಯವರೆಗೆ ಅಳೆಯಲು ಒಂದು ಉದ್ದ ಹಗ್ಗ ಮಾಡಿಸಿ ನನ್ನ ಮಾವನವರ ಕೈಗೆ ಕೊಟ್ಟರು. ಅವರಿಂದ ಅದು ನನ್ನ ಗಂಡನಿಗೆ ಬಂತು, ಅವರು ಹೋದ ಮೇಲೆ ನನಗೆ. ಎರಡೂ ಕೈ ಚಾಚಿದರೆ ಒಂದು ಮಾರು. ಮಾರಿಗೆ ಒಂದು ಗಂಟು. ಯಾವ ದಿನ ಎಷ್ಟು ಸರಿಯಿತು ಎಂದು ಕೇಳಿದರೆ ನಾನು ಇವತ್ತಿಗೂ ಹೇಳಬಲ್ಲೆ. ಬರೆದಿಟ್ಟಿಲ್ಲ, ನೆನಪಿದೆ.

ಬರೆದಿಡುವಷ್ಟು ನಾನು ಕಲಿಯಲಿಲ್ಲ. ಶಾಲೆ ಸುಣ್ಣದ ಭಟ್ಟಿಯ ಹಿಂದಕ್ಕೆ ಹೋದ ವರ್ಷ ನಮ್ಮವ್ವ ನನ್ನ ಪಾಟಿಯನ್ನು ಕಸಿದುಕೊಂಡು, "ಹೆಣ್ಣುಡುಗಿ ಇಷ್ಟು ದೂರ ನಡೆದು ಓದಿ ಯಾವ ಊರ ಆಳಬೇಕಾಗೈತಿ?" ಎಂದು ಉಪ್ಪಿನ ಗಡಿಗೆಗೆ ಮುಚ್ಚಳ ಮಾಡಿದಳು. ಮದುವೆಯಾದಾಗ ಗಡಿಗೆಯ ಜೊತೆಗೇ ಆ ಪಾಟಿಯೂ ಗಂಡನ ಮನೆಗೆ ಬಂತು. ಮುಂದೆ ಮಕ್ಕಳಿಗೆ ಮಧ್ಯಾಹ್ನದ ಊಟ ಶುರುವಾದಾಗ ಅಡುಗೆ ನನಗೇ ಬಂತು. ಶಾಲೆಯಲ್ಲಿ ಒಲೆ ಹೂಡಿದರೆ ಶಾಲೆ ಹೋಗುತ್ತಿತ್ತು, ಒಲೆ ಹಿಂದೆ ಉಳಿಯುತ್ತಿತ್ತು. ಹಾಗಾಗಿ ನಮ್ಮ ಹಿತ್ತಲಲ್ಲೇ ಬೇಯಿಸಿ ತಳ್ಳುಗಾಡಿಯಲ್ಲಿ ಒಯ್ಯುತ್ತಿದ್ದೆ. ಹದಿನೆಂಟು ವರ್ಷ ಒಯ್ದೆ. ಮಕ್ಕಳಿಗೆಲ್ಲ ನಾನು ಆಯಿ.

ಈಗ ಹೇಳುವುದು ನನ್ನ ಮೊಮ್ಮಗಳು ನೀಲಿ ನಾಲ್ಕನೆಯ ಇಯತ್ತೆಯಲ್ಲಿದ್ದ ವರ್ಷದ ಮಾತು. ಆ ವರ್ಷ ಶಾಲೆಯ ಹಿಂದಿನ ಗೋಡೆಗೂ ಹಳ್ಳಕ್ಕೂ ನಲವತ್ತು ಮಾರು ಉಳಿದಿತ್ತು. ಹಳ್ಳ ದಾಟಿದ ಕೋಳಿ, ಹಳ್ಳ ದಾಟಿದ ಎಮ್ಮೆ ಆಚೆ ಊರಿನದು ಎಂದು ಹಿರಿಯರ ಕಾಲದ ಒಪ್ಪಂದ. ಶಾಲೆಗೆ ಬೇರೆ ನ್ಯಾಯ ಇರಲು ಸಾಧ್ಯವಿಲ್ಲ. ಅರವತ್ತನಾಲ್ಕು ಮಕ್ಕಳಿದ್ದ ಶಾಲೆಯಲ್ಲಿ ದೂರ ಹೆಚ್ಚಿದಂತೆ ಇಪ್ಪತ್ತನಾಲ್ಕು ಉಳಿದಿದ್ದರು. ನನ್ನ ಸೊಸೆ ಕಸ್ತೂರಿ ಒಂದು ದಿನ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಹೇಳಿದಳು: "ಅತ್ತಿ, ಇಷ್ಟು ದಿನ ಕಳಿಸೇನಿ. ಹಳ್ಳ ದಾಟಿತು ಅಂದ್ರ ನೀಲಿನ್ನ ಕಳಿಸಂಗಿಲ್ಲ ನೋಡ್ರಿ. ಮಳಿಗಾಲದಾಗ ಆ ನೀರಾಗ ಹುಡುಗಿನ್ನ ಹೆಂಗ ಇಳಿಸ್ಲಿ?"

ಅವಳ ಮಾತು ತಪ್ಪಲ್ಲ. ಗಡಿಗೆಯ ಮೇಲಿನ ಪಾಟಿಯನ್ನು ಸರಿಸಿ ಸಾರಿಗೆ ಉಪ್ಪು ತೆಗೆದೆ.

ಶಾಲೆಯ ಕಮಿಟಿಯ ಅಧ್ಯಕ್ಷರು ಕಲ್ಲನಗೌಡರು. ಮನಸ್ಸು ಒಳ್ಳೆಯದು, ಕೈ ಅವಸರದ್ದು. "ಸಾಲಿ ಸುಧಾರಣಾ ಮಾಡೋಣ" ಎಂದು ಗೋಡೆಗೆ ಗುಲಾಬಿ ಬಣ್ಣ ಹೊಡೆಸಿದರು. ಬಣ್ಣ ಒಣಗುವುದರೊಳಗೆ ಶಾಲೆ ಮೂರು ಮಾರು ಸರಿದಿತ್ತು. ಆಮೇಲೆ ಎತ್ತಿನ ಸರಪಳಿ ತರಿಸಿ ಶಾಲೆಯ ಕಂಬವನ್ನು ಬೇವಿನ ಮರಕ್ಕೆ ಕಟ್ಟಿ ಬೀಗ ಹಾಕಿದರು. ಬೆಳಗಾದರೆ ಸರಪಳಿ ಹಾಗೇ ಇತ್ತು, ಬೀಗ ಹಾಗೇ ಇತ್ತು, ಬೇವಿನ ಮರವೂ ಶಾಲೆಯ ಜೊತೆಗೆ ಐದು ಮಾರು ಮುಂದೆ ಹೋಗಿ ನಿಂತಿತ್ತು. ಅದರ ನೆರಳಲ್ಲಿ ಕ್ಷೌರ ಮಾಡುತ್ತಿದ್ದವನು ತನ್ನ ಕನ್ನಡಿ ಎತ್ತಿಕೊಂಡು ಮರದ ಹಿಂದೆ ಹೋದ.

ಅದೇ ತಿಂಗಳು ತಪಾಸಣೆಗೆ ಸಾಹೇಬರು ಬಂದರು. ಹೆಡ್ ಮಾಸ್ತರ ತಿರಕಪ್ಪನವರು ಗಂಟಲಿನ ಮನುಷ್ಯ. ಅವರು ಮಗ್ಗಿ ಹೇಳಿಸಿದರೆ ಹಳ್ಳದಾಚೆಯ ಎಮ್ಮೆಗಳು ಕಿವಿ ನಿಮಿರಿಸುತ್ತಿದ್ದವು. ಸಾಹೇಬರು ಏನೇನು ಕೇಳುತ್ತಾರೆಂದು ಅವರಿಗೆ ಅಂದಾಜಿತ್ತು. ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹಂಚಿ ಉರು ಹೊಡೆಸಿದರು. ಸಾಹೇಬರು ಬಂದವರು ನೆರಳು ನೋಡಿ ಹಿಂದಿನ ಬಾಗಿಲಲ್ಲಿ ನಿಂತು ಹಿಂದಿನ ಸಾಲಿನಿಂದ ಶುರುಮಾಡಿದರು. "ಏಳೆಂಟ್ಲಿ ಎಷ್ಟಪ್ಪಾ?" "ನವಿಲು ಸರ್!" ಹುಡುಗ ಎದೆ ಉಬ್ಬಿಸಿ ಹೇಳಿದ. "ರಾಷ್ಟ್ರಪಕ್ಷಿ?" "ಐವತ್ತಾರು ಸರ್!" ಸಾಹೇಬರು ನಗು ತಡೆದುಕೊಂಡು, ಸುಧಾರಣೆಗೆ ಅವಕಾಶ ಇದೆ ಎಂದು ಬರೆದು ಹೋದರು. ಮರುದಿನ ನಾನು ಹಗ್ಗ ಹಿಡಿದೆ. ಒಂದೇ ಏಟಿಗೆ ಹತ್ತು ಮಾರು. ಹಳ್ಳಕ್ಕೆ ಇಪ್ಪತ್ತೆರಡು ಉಳಿದಿತ್ತು.

ಜೈನಾಬಿ ಅಕ್ಕೋರು ನಮ್ಮ ಶಾಲೆಗೆ ಕಲಿಸಲು ಬಂದದ್ದು ಆ ವಾರವೇ. ಸಣ್ಣ ಆಕೃತಿ, ದೊಡ್ಡ ಚೀಲ, ಬಿರುಸಿನ ನಡಿಗೆ. ಬಂದ ದಿನವೇ ನನ್ನ ಗಾಡಿಯ ಪಕ್ಕ ಕುಳಿತು ಊಟ ಮಾಡಿದರು. ಮೂರು ತಂಬಿಗೆ ನೀರು ಕುಡಿದು ಕೇಳಿದರು: "ಆಯಿ, ಹಗ್ಗ ನಿಮ್ಮ ಕಡೆ ಐತಂತ. ಈ ಸಾಲಿ ಎಂದರ ಊರ ಕಡೆ ಬಂದೈತೇನು?"

ಇಷ್ಟು ವರ್ಷದಲ್ಲಿ ಶಾಲೆ ಯಾಕೆ ಹೋಗುತ್ತದೆ ಎಂದು ನೂರು ಮಂದಿ ಕೇಳಿದ್ದರು. ಎಂದಾದರೂ ಬಂದಿದೆಯೇ ಎಂದು ಕೇಳಿದವರಿರಲಿಲ್ಲ. ನಾನು ಸೌಟು ಕೆಳಗಿಟ್ಟು ನೆನಪು ಮಾಡಿಕೊಂಡೆ.

"ಮೂರು ಸಲ ಬಂದೈತವಾ. ಒಂದು ಸಲ ತಿರಕಪ್ಪ ಮಾಸ್ತರಗ ನೆಗಡಿ ಆಗಿ ದನಿ ಹೋಗಿತ್ತು. ದೊಡ್ಡ ಹುಡುಗ್ರು ಸಣ್ಣವ್ರಿಗೆ ತಾವ ಹೇಳಿಕೊಟ್ರು. ಒಂದು ಮೊಳ ಬಂತು. ಇನ್ನೊಂದು ಸಲ ಬಾವಿ ಕಟ್ಟೂ ಗೌಂಡಿ ಬಂದು, ಈ ದುಂಡನ ಗೋಡಿಗೆ ಎಷ್ಟು ಇಟ್ಟಂಗಿ ಬೇಕಾಗ್ತಾವು ಹೇಳ್ರಿ ಅಂದ. ದಿನಾ ಪೂರ್ತಿ ಜಗಳಾಡಿದ್ರು. ಎರಡು ಮಾರು. ಮತ್ತೊಂದು ಸಲ ಕುಂಬಾರ ಮನಿಗೆ ಮಗಳ ಕಾಗದ ಬಂದಿತ್ತು, ಓದಾಕ ಯಾರೂ ಇಲ್ಲ. ಮೂರನೇ ಇಯತ್ತೆ ಹುಡುಗಿ ಹೋಗಿ ಓದಿದ್ಲು. ಹೆಣ್ಣು ಹುಟ್ಟಿತ್ತು. ಅವತ್ತು ನಾಕು ಮಾರು."

ತಿರಕಪ್ಪ ಮಾಸ್ತರರು ಅತ್ತ ಕಡೆಯಿಂದ ಕೇಳಿಸಿಕೊಂಡು, "ಅಂದ್ರ ಹೊನ್ನವ್ವ, ನಾ ದಿನಾ ನೆಗಡಿ ಮಾಡ್ಕೋಬೇಕು ಅಂತೀ ಏನು?" ಎಂದರು. ಅಕ್ಕೋರು ನಕ್ಕರು. "ಬ್ಯಾಡ ಸರ. ವಾರಕ್ಕ ಎರಡು ದಿನಾ ಸಾಕು."

ಅಕ್ಕೋರು ಮಕ್ಕಳಿಗೆ ಊರಿನ ಬರಹವನ್ನೆಲ್ಲ ಓದಲು ಹಚ್ಚಿದರು. ಯಾರ ಮನೆಗೆ ಕಾಗದ ಬಂದಿದೆ, ಯಾರ ಔಷಧಿ ಬಾಟಲಿಯ ಮೇಲೆ ಏನಿದೆ, ಬೀಜದ ಚೀಲದ ಮೇಲೆ ಎಷ್ಟು ಅಂತರ ಬಿಟ್ಟು ಬಿತ್ತಬೇಕೆಂದು ಇದೆ. ತಪ್ಪು ಓದಿದರೆ ತಿರುಗಿ ಬಂದು ಎಲ್ಲರೂ ಕೂಡಿ ನೋಡುವುದು. ತಿರಕಪ್ಪನವರು ಮೊದಮೊದಲು ಗೊಣಗಿದರು, ಆಮೇಲೆ ತಾವೇ ಹಳೆಯ ಔಷಧಿ ಬಾಟಲಿ ಹುಡುಕಿ ತಂದರು. ಒಂದು ತಿಂಗಳಲ್ಲಿ ಶಾಲೆ ಹದಿಮೂರು ಮಾರು ಊರ ಕಡೆ ಬಂತು. ಹಳ್ಳಕ್ಕೆ ಮೂವತ್ತೈದು.

ಇಲ್ಲಿ ನಮ್ಮ ಊರು ನಮ್ಮ ಊರಿನಂತೆ ಮಾಡಿತು. ಕಾಗದ ಓದಿದರೆ ಶಾಲೆ ಬರುತ್ತದೆ ಎಂದು ಗೊತ್ತಾದದ್ದೇ ತಡ, ಊರಿಗೆ ಊರೇ ಕಾಗದ ಬರೆಯಲು ಕುಳಿತಿತು. ಚೆನ್ನಾಗಿ ಓದಬಲ್ಲವರು ಕನ್ನಡಕ ಬಚ್ಚಿಟ್ಟು, "ಕಣ್ಣು ಮಂಜು ಆಗ್ಯಾವೋ ತಮ್ಮಾ, ಇದನ್ನೀಟು ಓದಿ ಹೇಳು" ಎಂದು ಮಕ್ಕಳನ್ನು ತಡೆದು ನಿಲ್ಲಿಸಿದರು. ಕಲ್ಲನಗೌಡರು ಒಂದೇ ವಾರದಲ್ಲಿ ಒಂಬತ್ತು ಕಾಗದ ಓದಿಸಿದರು. ಒಂಬತ್ತನೆಯದು ನೀಲಿಯ ಕೈಗೆ ಬಂತು.

"'ಪ್ರೀತಿಯ ಕಲ್ಲನಗೌಡರಿಗೆ, ಇಲ್ಲಿ ನಾನು ಕ್ಷೇಮ, ಅಲ್ಲಿ ನೀವು ಕ್ಷೇಮವೆಂದು ತಿಳಿದಿದ್ದೇನೆ...' ಗೌಡ್ರ, ಇದು ನಿಮ್ಮ ಅಕ್ಷರಾನ ಐತಲ್ರೀ?"

"ಓದು ಓದು. ಯಾರು ಬರೆದರೇನು?"

"ಶಾಯಿ ಇನ್ನೂ ಹಸಿ ಐತ್ರಿ."

ಶಾಲೆಗೆ ಹೇಗೆ ಗೊತ್ತಾಯಿತೋ ನಾನು ಹೇಳಲಾರೆ. ಹನ್ನೆರಡು, ಏಳು, ಒಂಬತ್ತು, ಆರು ಮಾರು ಎಂದು ಹಿಂದಕ್ಕೆ ಹೋಗಿ ಮಂಗಳವಾರ ಬೆಳಿಗ್ಗೆ ಹಿಂದಿನ ಗೋಡೆ ಹಳ್ಳದ ದಂಡೆಗೆ ಒಂದೇ ಮಾರು ಬಿಟ್ಟು ನಿಂತಿತ್ತು. ದಂಡೆಯ ಮಣ್ಣು ಸಣ್ಣಗೆ ಉದುರುತ್ತಿತ್ತು. ಆಚೆ ಊರಿನ ಹಿರಿಯ ದೇವೇಂದ್ರಪ್ಪ ತಮ್ಮ ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು, ಚೆಂಡುಹೂವಿನ ಮಾಲೆ ಹಿಡಿದು ಕುಳಿತುಬಿಟ್ಟಿದ್ದ. ಪಕ್ಕದಲ್ಲಿ ಅವರ ಊರ ಹೆಸರು ಬರೆದ ಹೊಸ ಬೋರ್ಡು.

"ಹೊನ್ನವ್ವಾ, ನಾಳಿಂದ ಸಾರು ಈ ಕಡೆ ತರಬ್ಯಾಡ. ನಮ್ಮಲ್ಲೂ ಒಲಿ ಅದಾವು" ಎಂದು ಕೂಗಿದ.

"ಒಲಿ ಇರಬಹುದು, ಕೈ ಬೇಕಲ್ಲೋ" ಎಂದು ನಾನೂ ಕೂಗಿದೆ. ಆದರೆ ಅಂದು ಬೆಳಿಗ್ಗೆ ಕಸ್ತೂರಿ ನೀಲಿಯ ಚೀಲವನ್ನು ತೊಳೆದು ಒಣಗಿಸಿ ಮಡಚಿಡಲು ತಯಾರಾಗಿದ್ದಳು. ನಾಳೆ ಅದು ಗೂಟಕ್ಕೆ ಏರುವುದಿತ್ತು.

ಊಟಕ್ಕೆ ಮಕ್ಕಳು ಸಾಲಾಗಿ ಕುಳಿತರು. ಅಕ್ಕೋರ ಮುಖ ಬಾಡಿತ್ತು. "ಆಯಿ, ನಂಗೂ ಇನ್ನ ತಿಳಿವಲ್ದು" ಅಂದರು. ನಾನು ಬಡಿಸಿದೆ. ಸಾರು ಬಡಿಸಿದ ಮೇಲೆ ಒಂದು ಬಟ್ಟಲು ಉಪ್ಪನ್ನು ಸಾಲಿನ ಮುಂದೆ ಹಿಡಿದುಕೊಂಡು ಹೋಗುವುದು ನನ್ನ ಪದ್ಧತಿ, ಬೇಕಾದವರು ಹಾಕಿಸಿಕೊಳ್ಳಲಿ ಎಂದು. ಹದಿನೆಂಟು ವರ್ಷದಲ್ಲಿ ಒಬ್ಬರೂ ಬೇಕೆಂದಿರಲಿಲ್ಲ. ನನ್ನ ಕೈ ಅಷ್ಟು ಹದ ಎಂದು ನಾನು ಹಿಗ್ಗುತ್ತಿದ್ದೆ. ಮಕ್ಕಳ ಅನ್ನ ದೇವರ ಅನ್ನ. ಮೊದಲೇ ರುಚಿ ನೋಡಿ ಎಂಜಲು ಮಾಡಬಾರದು ಎಂದು ನನ್ನತ್ತೆ ಕಲಿಸಿದ್ದರು. ನಾನು ಒಂದು ದಿನವೂ ರುಚಿ ನೋಡಿರಲಿಲ್ಲ. ಮನೆಗೆ ಹೋಗಿ ರೊಟ್ಟಿ, ಚಟ್ನಿ ತಿನ್ನುತ್ತಿದ್ದೆ.

ನೀಲಿಯ ಮುಂದೆ ಬಟ್ಟಲು ಹಿಡಿದೆ. ಅವಳು ನನ್ನ ಮುಖ ನೋಡಿದಳು, ತಟ್ಟೆ ನೋಡಿದಳು, ಒಮ್ಮೆಲೇ ಅಳಲು ಶುರುಮಾಡಿದಳು.

"ಏನಾತವಾ?"

"ನಾಳಿಂದ ನಾ ಹೆಂಗೂ ಬರಂಗಿಲ್ಲ, ಅದಕ್ಕ ಹೇಳಾಕತ್ತೇನಿ. ಸಾರು ಬಾಳ ಉಪ್ಪು ಆಯಿ. ದಿನಾ ಉಪ್ಪು. ಎರಡು ವರ್ಷದಿಂದ ಉಪ್ಪು!"

ಅನ್ನಕ್ಕೆ ಹೆಸರಿಡಬಾರದು ಎಂಬುದು ನಮ್ಮೂರಲ್ಲಿ ಮಕ್ಕಳು ಮಾತು ಕಲಿಯುವ ಮೊದಲು ಕಲಿಯುವ ಪಾಠ. ನಾನು ಅಕ್ಕೋರ ಕಡೆ ನೋಡಿದೆ. ಅವರು ತಂಬಿಗೆಯ ಕಡೆ ನೋಡಿದರು. ತಿರಕಪ್ಪನವರ ಕಡೆ ನೋಡಿದೆ. "ಸ್ವಲ್ಪ... ಹೌದು, ಉಪ್ಪು ಸ್ವಲ್ಪ ಮುಂದ ಇರತೈತಿ" ಎಂದರು ಆ ಗಂಟಲಿನ ಮನುಷ್ಯ, ಇರುವೆಯ ದನಿಯಲ್ಲಿ. ಆಮೇಲೆ ಧೈರ್ಯ ಬಂದು, "ಸಾಲಿ ಹಳ್ಳದ ಕಡೆ ಯಾಕ ಹೊಂಟೈತಿ ಅಂತೀರಿ? ನೀರಡಿಸಿ ಹೊಂಟೈತಿ!" ಎಂದರು.

ಯಾರೋ ಒಬ್ಬ ಕಿಸಕ್ಕೆಂದ. ಆಮೇಲೆ ಇಪ್ಪತ್ತನಾಲ್ಕೂ ಮಕ್ಕಳು ನಕ್ಕರು, ನೀಲಿ ಅಳುತ್ತಲೇ ನಕ್ಕಳು. ನನಗೆ ಮೊದಲು ಬಟ್ಟಲು ಎತ್ತಿಕೊಂಡು ಹೋಗಿಬಿಡೋಣ ಅನ್ನಿಸಿತು. ಆಮೇಲೆ ಸಾರಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿದೆ. ನನ್ನ ಕಣ್ಣಲ್ಲೂ ನೀರು ಬಂತು, ಉಪ್ಪಿಗೆ.

"ಬೇಳೆ, ಅಕ್ಕಿ ಮಂದಿ ನೋಡಿ ಕಡಿಮಿ ಮಾಡೇನವಾ" ಎಂದೆ ಅಕ್ಕೋರಿಗೆ. "ಉಪ್ಪು ನನ್ನ ಕೈಲೆಕ್ಕ. ಅರವತ್ನಾಕು ಮಂದಿ ಇದ್ದಾಗ ನಾಕು ಹಿಡಿ ಹಾಕ್ತಿದ್ದೆ. ಮಕ್ಕಳು ಬಿಟ್ಟು ಹೋದಂಗ ಒಂದು ಹಿಡಿ ಇಳಿಸಿದೆ. ಈಗ ಮೂರು. ಎಷ್ಟು ಹಾಕಬೇಕು ಅನ್ನೂದು ನನಗ ಬರೂದಿಲ್ಲ. ಬಲ್ಲವ್ರು ಹೇಳ್ರಿ."

ಮಕ್ಕಳು ತಟ್ಟೆ ಬಿಟ್ಟು ಎದ್ದರು. ಒಬ್ಬ ಎರಡು ಅಂದ, ಇನ್ನೊಬ್ಬ ಒಂದು ಅಂದ. ನೀಲಿ ಮೂಗು ಒರೆಸಿಕೊಂಡು ನೆಲದ ಮೇಲೆ ಬೆರಳಲ್ಲಿ ಬರೆದಳು. "ಅರವತ್ನಾಕಕ್ಕ ನಾಕು. ಅಂದ್ರ ಹದಿನಾರು ಮಂದಿಗೆ ಒಂದು. ನಾವು ಇಪ್ಪತ್ನಾಕು. ಒಂದೂವರಿ ಹಿಡಿ!"

"ಅರ್ಧ ಹಿಡಿ ಹೆಂಗ ಹಿಡೀತಾರ?" ಎಂದು ಒಬ್ಬ ಕೇಳಿದ.

"ಯಾರ ಹಿಡಿ? ಅಕ್ಕೋರ ಹಿಡಿ ಸಣ್ಣದು, ಮಾಸ್ತರ್ದು ದೊಡ್ಡದು" ಎಂದು ಇನ್ನೊಬ್ಬಳು.

"ಆಯಿ ಹಿಡೀನ ಲೆಕ್ಕ. ತೂಗಬೇಕು!"

ತಕ್ಕಡಿ ಇರುವುದು ಊರೊಳಗಿನ ಕಿರಾಣಿ ಅಂಗಡಿಯಲ್ಲಿ. ಹಿಡಿ ಬಿಚ್ಚಿದರೆ ಅಳತೆ ತಪ್ಪುತ್ತದೆ ಎಂದು ಮಕ್ಕಳು ಹಟ ಹಿಡಿದರು. ಹೀಗಾಗಿ ಅಂದು ಮಧ್ಯಾಹ್ನದ ಉರಿಬಿಸಿಲಲ್ಲಿ ನಾನು ಬಟ್ಟಲಿನಿಂದ ಒಂದು ಹಿಡಿ ಉಪ್ಪು ತೆಗೆದುಕೊಂಡು, ಮುಷ್ಟಿ ಬಿಗಿಹಿಡಿದು, ಊರಿಗೆ ನಡೆದೆ. ಹಿಂದೆ ಇಪ್ಪತ್ತನಾಲ್ಕು ಮಕ್ಕಳು, ಅವರ ಹಿಂದೆ ಅಕ್ಕೋರು, ತಿರಕಪ್ಪನವರು. ಸಣ್ಣವರು ಸುಮ್ಮನೆ ನಡೆಯಬಾರದೆಂದು ಅಕ್ಕೋರು ನನ್ನ ಹೆಜ್ಜೆ ಎಣಿಸಲು ಹಚ್ಚಿದರು. ಅಂಗಡಿಯ ಕಟ್ಟೆ ಮುಟ್ಟಿದಾಗ ಸಾವಿರದ ಎಂಟುನೂರ ನಲವತ್ತು. ದಾರಿಯಲ್ಲಿ ಕಲ್ಲನಗೌಡರು ಸಿಕ್ಕು, "ಹೊನ್ನವ್ವ, ಯಾರಿಗೆ ಹೊಡ್ಯಾಕ ಹೊಂಟೀ?" ಎಂದು ದಾರಿ ಬಿಟ್ಟರು.

ಅಂಗಡಿಯಲ್ಲಿ ಮುಷ್ಟಿ ಬಿಚ್ಚಿದೆ. ಅರವತ್ತು ಗ್ರಾಂ. "ಆಯಿ ಕೈ ಬೆವರಿಗೆ ಒಂದೀಟು ಕರಗೈತಿ, ಅದನ್ನೂ ಹಿಡೀರಿ" ಎಂದಳು ನೀಲಿ. ಅಂಗಡಿಯವನು ಇನ್ನೊಂದು ಚಿಟಿಕೆ ಹಾಕಿದ. ಅದಕ್ಕೂ ಜಗಳವಾಯಿತು: ಬೆವರು ಎಷ್ಟು ಕರಗಿಸುತ್ತದೆ? ಒಣಗೈಯಲ್ಲಿ ಮತ್ತೊಂದು ಹಿಡಿ ಹಿಡಿಸಿ ತೂಗಿದರು. ಅರವತ್ತೆರಡು. ನಮ್ಮ ಮನೆ ಹತ್ತಿರವೇ ಇತ್ತು. ನೀಲಿ ಓಡಿಹೋಗಿ ಗಡಿಗೆಯ ಮೇಲಿನ ಪಾಟಿ ತಂದು, ಉಪ್ಪು ಒರೆಸಿ, ಅದರ ಮೇಲೆ ಅರ್ಧ ಹಿಡಿ ಎಷ್ಟು, ಒಂದೂವರೆ ಎಷ್ಟು, ನಾಳೆ ಒಬ್ಬರು ಬರದಿದ್ದರೆ ಎಷ್ಟು ಎಂದು ಬರೆದಳು. ಅರವತ್ತು ವರ್ಷದ ಮೇಲೆ ಆ ಪಾಟಿಯ ಮೇಲೆ ಬಳಪ ಆಡಿತು. ಕಸ್ತೂರಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಡಚಿದ ಚೀಲ ಅವಳ ಕೈಯಲ್ಲೇ ಇತ್ತು.

ತಿರುಗಿ ಹೋಗುವಾಗ ಸಣ್ಣವರು ಮತ್ತೆ ಎಣಿಸಿದರು. ನಾನು ದಣಿದಿದ್ದೆ, ಹೆಜ್ಜೆ ಸಣ್ಣವಾಗಿದ್ದವು, ಲೆಕ್ಕ ಹೆಚ್ಚಾಗಬೇಕಿತ್ತು. ಶಾಲೆಯ ಬಾಗಿಲು ಮುಟ್ಟಿದಾಗ ಸಾವಿರದ ಏಳುನೂರ ಎಂಬತ್ತು.

"ತಪ್ಪು ಎಣಿಸೀರಿ" ಎಂದರು ತಿರಕಪ್ಪನವರು.

"ಇಲ್ರಿ ಸರ. ನಾವು ಎಂಟು ಮಂದಿ ಎಣಿಸೇವಿ. ಎಂಟೂ ಮಂದೀದು ಒಂದ ಐತಿ."

ನಾನು ಹಿಂದಕ್ಕೆ ಹೋಗಿ ಹಗ್ಗ ಹಿಡಿದೆ. ಗೋಡೆಗೂ ದಂಡೆಗೂ ನಡುವೆ ಹದಿನೆಂಟು ಮಾರು. ನಾವು ಉಪ್ಪು ತೂಗುತ್ತ ನಿಂತಾಗ ಶಾಲೆ ನಮ್ಮನ್ನು ಎದುರುಗೊಳ್ಳಲು ಬಂದಿತ್ತು. ಆ ಕಡೆ ದೇವೇಂದ್ರಪ್ಪ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಎಚ್ಚರವಾದಾಗ ಕಣ್ಣುಜ್ಜಿಕೊಂಡು, "ಇದೇನವಾ, ಮೋಸ!" ಎಂದು ಕೂಗಿ, ಮಾಲೆಯನ್ನು ತನ್ನ ಆಡಿನ ಕೊರಳಿಗೆ ಹಾಕಿದ. ಆಡು ಅದನ್ನು ತಿಂದಿತು.

ಮರುದಿನ ಬೆಳಿಗ್ಗೆ ಕಸ್ತೂರಿ ಚೀಲವನ್ನು ಗೂಟಕ್ಕೆ ಹಾಕಲಿಲ್ಲ, ನೀಲಿಯ ಹೆಗಲಿಗೆ ಹಾಕಿದಳು. "ಅತ್ತಿ, ನಮ್ಮ ಮನಿ ಸಾರಿಗೂ ನೀಲಿನ್ನ ಕೇಳಿ ಉಪ್ಪು ಹಾಕ್ರಿ" ಎಂದಳು. ಅವಳೂ ಇಷ್ಟು ವರ್ಷ ಬಾಯಿಬಿಟ್ಟಿರಲಿಲ್ಲ. ಗಡಿಗೆಗೆ ನಾನು ಬೇರೆ ಮುಚ್ಚಳ ಹುಡುಕಿಕೊಂಡೆ.

ಶಾಲೆ ಪೂರ್ತಿ ಊರಿಗೆ ಬರಲು ಎರಡು ವರ್ಷ ಹಿಡಿಯಿತು. ಅದು ಹತ್ತಿರ ಬಂದಷ್ಟೂ ಬಿಟ್ಟುಹೋದ ಮಕ್ಕಳು ತಿರುಗಿ ಬಂದರು, ಐವತ್ತೊಂದಾದರು. ನಡುನಡುವೆ ಹಿಂದಕ್ಕೂ ಹೋಗುತ್ತಿತ್ತು. ಹೋದ ದಿನ ಮಕ್ಕಳೇ, "ಅಕ್ಕೋರ, ನಿನ್ನಿ ಭಾಗಾಕಾರ ನಮಗ ತಿಳಿದಿಲ್ಲ, ತಿಳೀತು ಅಂತ ಸುಳ್ಳು ಹೇಳೀವಿ" ಎಂದು ಒಪ್ಪಿಕೊಳ್ಳುತ್ತಿದ್ದರು. ಕೊನೆಗೆ ಹಳೆಯ ಜಾಗಕ್ಕೆ ಬಂದಾಗ ಸ್ವಲ್ಪ ಓರೆಯಾಗಿ ನಿಂತಿತು. ಮೂರು ಮೆಟ್ಟಿಲು ಬಾಗಿಲಿಗೆ ಬರದೆ ಕಿಟಕಿಗೆ ಬಂದವು. ಕಲ್ಲನಗೌಡರು ಗುದ್ದಲಿ ತಂದರು. "ಇರಲಿ ಬಿಡ್ರಿ ಗೌಡ್ರ, ಕುಂಡ್ರಾಕ ಆಗ್ತಾವು" ಎಂದರು ಅಕ್ಕೋರು. ಈಗ ಊಟದ ಹೊತ್ತಿಗೆ ನಾನು ಅಲ್ಲೇ ಕುಳಿತುಕೊಳ್ಳುತ್ತೇನೆ. ಹಗ್ಗವನ್ನು ಹುಡುಗಿಯರು ಜಿಗಿಯುವುದಕ್ಕೆ ಒಯ್ದರು.

ನೀಲಿ ಈಗ ಬಸ್ಸಿನಲ್ಲಿ ದೊಡ್ಡ ಶಾಲೆಗೆ ಹೋಗುತ್ತಾಳೆ. ಆ ಶಾಲೆ ದಿನವೂ ನಿಂತಲ್ಲೇ ನಿಂತಿರುತ್ತದಂತೆ. "ಅದು ಚಲೋ ಐತೋ ಕೆಟ್ಟ ಐತೋ ಹೆಂಗ ತಿಳೀಬೇಕು ಆಯಿ?" ಎಂದು ಕೇಳುತ್ತಾಳೆ.

ಅಕ್ಕೋರಿಗೆ ವರ್ಗಾವಣೆಯ ಆದೇಶ ಬಂತು. ಹಳ್ಳದಾಚೆ ಯಾವುದೋ ಬೆಟ್ಟದ ಬುಡದಲ್ಲಿ ಇನ್ನೊಂದು ಶಾಲೆ. ಅದೂ ಚೂರು ಓಡಾಡುತ್ತದೆಂದು ಸುದ್ದಿ. ಬಸ್ಸು ಹನ್ನೊಂದಕ್ಕೆ. ಅವರನ್ನು ಬಸ್ಸಿಗೆ ಹತ್ತಿಸಿ ಬಂದು ನಾನು ಬಡಿಸಲು ನಿಂತೆ. ಊರೆಲ್ಲ ಶಾಲೆಯ ಗೋಡೆಯನ್ನೇ ನೋಡುತ್ತಿತ್ತು, ಹೊರಡುತ್ತದೋ ಏನೋ ಎಂದು. ಮಕ್ಕಳು ಮೊದಲ ತುತ್ತು ಬಾಯಿಗಿಟ್ಟರು. ಐವತ್ತೊಂದು ಮಂದಿಯೂ ಒಟ್ಟಿಗೆ ಕೂಗಿದರು: "ಆಯೀ, ಉಪ್ಪ ಹಾಕಿಲ್ಲ!" ಗುಬ್ಬಿಗಳು ಹಂಚಿನಿಂದ ಎದ್ದು ಹಾರಿ ಮತ್ತೆ ಅಲ್ಲೇ ಕುಳಿತವು. ಗೋಡೆ ಅಲುಗಲಿಲ್ಲ. ನಾನು ಬಟ್ಟಲು ತೆಗೆದುಕೊಂಡು ಸಾಲಿನ ಮುಂದೆ ನಡೆದೆ. ಆ ದಿನ ಎಲ್ಲರೂ ಹಾಕಿಸಿಕೊಂಡರು. ಜೈನಾಬಿ ಅಕ್ಕೋರು ಹೋದದ್ದು ಆಷಾಢದ ಮೊದಲನೆಯ ಬುಧವಾರ.